ಗುಳೆ ಹೋದವರು ತೆರೆಗೆ ಬಂದದ್ದು

2014ರ ಆಗಸ್ಟ್ ಕೊನೆಯ ದಿನಗಳಲ್ಲಿ ಕೊಪ್ಪಳ ಜಿಲ್ಲೆಯ ಗಂಗಾವತಿಯ ಚಿತ್ರಮಂದಿರವೊಂದರಲ್ಲಿ ಕನ್ನಡ ಸಿನಿಮಾದ ಟಿಕೆಟ್ ಕೊಳ್ಳುವಾಗ ಜಗಳವಾಯಿತು. ಟಾಕೀಸಿನ ಮುಂದೆ ಇಂಥ ತಳ್ಳಾಟ ಹೊಸದಲ್ಲ, ಸಂಜೆಗೆ ಎಲ್ಲರೂ ಮರೆಯುವಂಥದು. ಇದನ್ನು ಮಾತ್ರ ಯಾರೂ ಮರೆಯಲಿಲ್ಲ. ಜಗಳ ತಾಲ್ಲೂಕಿನ ಮರಕುಂಬಿ ಗ್ರಾಮಕ್ಕೆ ಬಂತು, ದಲಿತರ ಕೇರಿಗೆ ನುಗ್ಗಿತು, ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದ ಅಂಗಡಿಗೆ, ಹೋಟೆಲಿಗೆ ದಲಿತರನ್ನು ಬಿಟ್ಟುಕೊಳ್ಳುವುದಿಲ್ಲ ಎಂಬ ಕುದಿ ಆ ಊರಲ್ಲಿ ಮೊದಲೇ ಇತ್ತು. ಟಿಕೆಟ್ಟಿನ ಜಗಳ ಒಂದು ನೆಪವಾಯಿತು, ಅಷ್ಟೆ.

ಪ್ರಕರಣ ಹತ್ತು ವರ್ಷ ನಡೆಯಿತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ 101 ಜನರನ್ನು ತಪ್ಪಿತಸ್ಥರೆಂದು ಹೇಳಿ, 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ವಿಧಿಸಿತು. ಜಾತಿ ದೌರ್ಜನ್ಯದ ಒಂದೇ ಪ್ರಕರಣದಲ್ಲಿ ಇಷ್ಟು ಜನಕ್ಕೆ ಜೀವಾವಧಿ ಎಂಬ ಸುದ್ದಿ ದೇಶವೆಲ್ಲ ಓಡಾಡಿತು. ಮೇಲ್ಮನವಿ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಯಿತು.

ಇದು ಚಿತ್ರಮಂದಿರದ ಬಾಗಿಲಲ್ಲಿ ನಡೆದದ್ದು. ಬಾಗಿಲು ದಾಟಿ ಒಳಗೆ ಕೂತವರಿಗೆ ತೆರೆಯ ಮೇಲೆ ಯಾರು ಕಾಣುತ್ತಾರೆ? ಕೇರಿಯವರು, ಗುಳೆ ಹೋದವರು, ಮುತ್ತು ಕಟ್ಟಿಸಿಕೊಂಡವರು, ಜೋಗಪ್ಪಗಳು, ಮುಸ್ಲಿಂ ಹೆಣ್ಣುಮಕ್ಕಳು ಅಲ್ಲಿದ್ದಾರೆಯೇ? ಇದ್ದರೆ ಯಾರ ಕಣ್ಣಿಂದ ಕಾಣುತ್ತಾರೆ, ಯಾರ ಭಾಷೆ ಆಡುತ್ತಾರೆ?

ಇದ್ದಾರೆ ಎಂದೇ ಮೊದಲು ಹೇಳಬೇಕು. ಈ ವಿಷಯದಲ್ಲಿ ಕನ್ನಡದ ಲೆಕ್ಕ ಬಡವಾಗಿಲ್ಲ. ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಕನ್ನಡಕ್ಕೆ ಬಂದದ್ದು ಆರು ಸಲ: 1970ರ ‘ಸಂಸ್ಕಾರ’, 1975ರ ‘ಚೋಮನ ದುಡಿ’, ಆಮೇಲೆ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’. ಇವುಗಳ ನಡುವೆ ನಿಂತವರನ್ನು ನೋಡಿ: ಹೊಲ ಉಳುವ ಕನಸಿನ ಅಸ್ಪೃಶ್ಯ, ಬಸುರಿಯಾದ ಬಾಲವಿಧವೆ, ಪಿಂಚಣಿಗಾಗಿ ಕಚೇರಿ ಕಚೇರಿ ಅಲೆಯುವ ನಿವೃತ್ತ ಜವಾನ, ಅಣೆಕಟ್ಟಿನ ನೀರು ಮನೆಗೆ ಬಂದರೂ ಕದಲದ ದಂಪತಿ. ಅಂಚಿಗೆ ತಳ್ಳಿಸಿಕೊಂಡವರಿಲ್ಲದಿದ್ದರೆ ಕನ್ನಡದ ಹೊಸ ಅಲೆಗೆ ಕತೆಯೇ ಇರುತ್ತಿರಲಿಲ್ಲ.

ಆದರೆ ‘ಸಂಸ್ಕಾರ’ ಯಾರ ಕತೆ? ಪಟ್ಟಾಭಿರಾಮ ರೆಡ್ಡಿ ನಿರ್ದೇಶನದ ಆ ಚಿತ್ರವನ್ನು ಸೆನ್ಸಾರಿನವರು ತಡೆದಿದ್ದರು, ಬಿಡುಗಡೆಗೆ ದೊಡ್ಡ ಹೋರಾಟವೇ ಬೇಕಾಯಿತು. ಜಾತಿಯನ್ನು ಅಷ್ಟು ನೇರವಾಗಿ ಕೆಣಕಿದ ಚಿತ್ರ ಕನ್ನಡದಲ್ಲಿ ಅದಕ್ಕೆ ಮುಂಚೆ ಇರಲಿಲ್ಲ. ಹಾಗಿದ್ದೂ ಅದರ ಒಳಗುದಿ ಬ್ರಾಹ್ಮಣ ಪಂಡಿತ ಪ್ರಾಣೇಶಾಚಾರ್ಯರದು. ಗಿರೀಶ ಕಾರ್ನಾಡರ ಮುಖದ ಮೇಲೆ ಅಗ್ರಹಾರದ ಧರ್ಮಸಂಕಟ ಹಾದುಹೋಗುವುದನ್ನು ನಾವು ನೋಡುತ್ತೇವೆ. ಸ್ನೇಹಲತಾ ರೆಡ್ಡಿಯವರ ಚಂದ್ರಿ ಆ ಸಂಕಟಕ್ಕೆ ಕಾರಣಳಾಗಿ ಬಂದು, ತನ್ನ ಪಾಡಿಗೆ ತಾನು ಹೊರಟುಹೋಗುತ್ತಾಳೆ. ಅವಳಿಗೆ ಏನನ್ನಿಸಿತು ಎಂಬುದು ಬೇರೆಯೇ ಸಿನಿಮಾ. ಅದನ್ನು ಯಾರೂ ತೆಗೆಯಲಿಲ್ಲ.

‘ಚೋಮನ ದುಡಿ’ ಒಂದು ಹೆಜ್ಜೆ ಮುಂದೆ ಹೋಯಿತು. ಶಿವರಾಮ ಕಾರಂತರು 1933ರಲ್ಲಿ ಬರೆದ ಕಾದಂಬರಿಯನ್ನು ಬಿ.ವಿ. ಕಾರಂತರು ತೆರೆಗೆ ತಂದಾಗ ಚೋಮನೇ ಕೇಂದ್ರ. ಅವನಲ್ಲಿ ಜೋಡಿ ಎತ್ತುಗಳಿವೆ, ಉಳಲು ತುಂಡು ನೆಲವಿಲ್ಲ. ಹೊಲೆಯನಾದವನು ಬೇಸಾಯಗಾರನಾಗುವುದು ಊರಿಗೆ ಒಗ್ಗದು. ಎಂ.ವಿ. ವಾಸುದೇವರಾಯರು ದುಡಿ ಬಾರಿಸಿದ ಪರಿಗೆ ರಾಷ್ಟ್ರಪ್ರಶಸ್ತಿ ಬಂತು. ಕರ್ನಾಟಕದಲ್ಲಿ ಭೂಸುಧಾರಣೆಯ ತಿದ್ದುಪಡಿ ಕಾನೂನು ಆಗಷ್ಟೇ ಜಾರಿಗೆ ಬರುತ್ತಿತ್ತು. ಚಿತ್ರ ಬಂದ ಹೊತ್ತು ಅದಕ್ಕಿಂತ ಸರಿಯಾಗಿರಲು ಸಾಧ್ಯವಿರಲಿಲ್ಲ. ಆದರೂ ಬರೆದವರು, ನಿರ್ದೇಶಿಸಿದವರು ಚೋಮನ ಕೇರಿಯವರಲ್ಲ. ಇದು ಅವರ ಮೇಲಿನ ದೂರಲ್ಲ. 1975ರಲ್ಲಿ ಕ್ಯಾಮೆರಾ ಮುಟ್ಟುವ ಭಾಗ್ಯ ಯಾರಿಗಿತ್ತು ಎಂಬ ಲೆಕ್ಕ. ಅದೇ ದಶಕದಲ್ಲಿ, ಕನ್ನಡ ಸಾಹಿತ್ಯ ಬೂಸಾ ಎಂಬ ಮಾತಿಗೆ ಗಲಭೆಯೆದ್ದ ಬೂಸಾ ಪ್ರಕರಣ ನಡೆಯಿತು, ದಲಿತ ಸಂಘರ್ಷ ಸಮಿತಿ ಹುಟ್ಟಿತು, ಸಿದ್ಧಲಿಂಗಯ್ಯ, ದೇವನೂರ ಮಹಾದೇವರು ಬರೆಯತೊಡಗಿದರು. ಕಾಗದ, ಪೆನ್ನಿಗೆ ಬಂಡವಾಳ ಬೇಕಿಲ್ಲ. ಸಿನಿಮಾಕ್ಕೆ ಬೇಕು. ಹಾಗಾಗಿ ಸಾಹಿತ್ಯದಲ್ಲಿ ಆದ ಪಲ್ಲಟ ತೆರೆಗೆ ಬರಲು ದಶಕಗಳೇ ಹಿಡಿದವು.

ಈಗ ಕಲ್ಯಾಣ ಕರ್ನಾಟಕವಾಗಿರುವ ಹೈದರಾಬಾದ್ ಕರ್ನಾಟಕ ತೆರೆಗೆ ಬಂದ ರೀತಿಯನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಅನಂತಮೂರ್ತಿಯವರ ಕತೆಯನ್ನು ಆಧರಿಸಿ ಎಂ.ಎಸ್. ಸತ್ಯು 1980ರ ದಶಕದ ಆರಂಭದಲ್ಲಿ ತೆಗೆದ ‘ಬರ’ ಒಳ್ಳೆಯ ಚಿತ್ರ. ಅನಂತನಾಗ್ ಅದರಲ್ಲಿ ಜಿಲ್ಲಾಧಿಕಾರಿ. ಬರ, ರಾಜಕೀಯ, ಕೋಮುಗಲಭೆ ಎಲ್ಲವನ್ನೂ ನಾವು ನೋಡುವುದು ಆ ಸಾಹೇಬರ ಜೀಪಿನಿಂದ, ಅವರ ಬಂಗಲೆಯಿಂದ. ಹಸಿದವರು ಗುಂಪಾಗಿ ಬರುತ್ತಾರೆ, ಗುಂಪಾಗಿಯೇ ಹೋಗುತ್ತಾರೆ. ಇನ್ನು ಜನಪ್ರಿಯ ಸಿನಿಮಾಕ್ಕೆ ಈ ಸೀಮೆ ಎಂದರೆ ಹಂಪಿ, ಆನೆಗೊಂದಿ, ಸಣಾಪುರದ ಬಂಡೆಗಳು, ಹಾಡಿಗೊಂದು ಹರಿಗೋಲು. ಭಾಷೆ ಎಂದರೆ ನಗಿಸುವ ಭಾಷೆ. ಗಂಗಾವತಿ ಎಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು ಪ್ರಾಣೇಶರ ಹಾಸ್ಯ ಎಂಬುದು ಈ ಊರಿನ ಹೆಮ್ಮೆಯೇ ಸರಿ. ಆದರೆ ಇಲ್ಲಿನವರು ತಮ್ಮ ಮಾತಿನಲ್ಲಿ ತಾವೇ ನಗುವುದು ಬೇರೆ, ಬೆಂಗಳೂರಿನ ಸಿನಿಮಾದಲ್ಲಿ ಅಡುಗೆಯವನ, ಕುಡುಕನ ಬಾಯಿಗೆ ಆ ಮಾತನ್ನು ಇಟ್ಟು ನಗುವುದು ಬೇರೆ.

ವೈಜನಾಥ ಬಿರಾದಾರ ಎಂಬ ನಟನ ಕತೆ ಇದಕ್ಕೆ ಸಾಕ್ಷಿ. ಬೀದರ್ ಜಿಲ್ಲೆಯವರು. ತೆಳ್ಳನೆ ಮೈ, ಗುಳಿಬಿದ್ದ ಕೆನ್ನೆ. ನೂರಾರು ಚಿತ್ರಗಳಲ್ಲಿ ಅವರಿಗೆ ಸಿಕ್ಕಿದ್ದು ಬಹುಪಾಲು ಭಿಕ್ಷುಕನ ಪಾತ್ರ, ಕುಡುಕನ ಪಾತ್ರ. ಜನ ಅವರನ್ನು ನೋಡಿದ ಕೂಡಲೇ ನಗುತ್ತಿದ್ದರು. 2010ರಲ್ಲಿ ಕಾಸರವಳ್ಳಿ ಅದೇ ಮೈಯನ್ನು, ಅದೇ ಮುಖವನ್ನು ‘ಕನಸೆಂಬೋ ಕುದುರೆಯನೇರಿ’ ಚಿತ್ರದ ನಡುವೆ ತಂದು ನಿಲ್ಲಿಸಿದರು.

ಆ ಚಿತ್ರವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ಮೂಲ ಕತೆ ರಾಯಚೂರು ಸೀಮೆಯ ಅಮರೇಶ ನುಗಡೋಣಿಯವರ ‘ಸವಾರಿ’. ಬಿರಾದಾರ ಇಲ್ಲಿ ಇರ್ಯಾ, ಊರಿನ ಹೆಣಗಳಿಗೆ ಗುಂಡಿ ತೋಡುವವನು. ಉಮಾಶ್ರೀ ಅವನ ಹೆಂಡತಿ ರುದ್ರಿ. ಇರ್ಯಾನ ಕನಸಿನಲ್ಲಿ ಸಿದ್ಧ ಕುದುರೆಯೇರಿ ಬಂದರೆ ಊರಲ್ಲಿ ಒಂದು ಸಾವು ಖಚಿತ ಎಂಬುದು ಅವನ ನಂಬಿಕೆ. ಯಾರೂ ಕರೆಯುವ ಮೊದಲೇ ಹಾರೆ, ಸಲಿಕೆ ಹಿಡಿದು ಹೊರಡುತ್ತಾನೆ. ಈ ಸಲವೂ ಸಿದ್ಧ ಬಂದ. ಗೌಡರು ಹಾಸಿಗೆ ಹಿಡಿದಿದ್ದಾರೆ, ಹೋದರೆಂದೇ ಇರ್ಯಾನ ಎಣಿಕೆ. ವಾಡೆಯವರು ಮಾತ್ರ ಹಾಗೇನೂ ಇಲ್ಲ ಎಂದು ಅವನನ್ನು ವಾಪಸು ಕಳಿಸುತ್ತಾರೆ. ಗೌಡರು ತೀರಿಕೊಂಡದ್ದು ನಿಜವೇ. ಮನೆಯವರು ತಮ್ಮ ಲೆಕ್ಕಾಚಾರಕ್ಕೆ ಸಾವನ್ನು ಮುಚ್ಚಿಟ್ಟಿದ್ದಾರೆ. ಅದು ಇರ್ಯಾನಿಗೆ ಹೇಗೆ ಗೊತ್ತಾಗಬೇಕು? ಅವನ ಕನಸು ಸುಳ್ಳಾಯಿತು, ಸಿದ್ಧ ಕೈಬಿಟ್ಟ.

ಕಾಸರವಳ್ಳಿ ಒಂದೇ ಘಟನೆಯನ್ನು ಎರಡು ಕಡೆಯಿಂದ ತೋರಿಸುತ್ತಾರೆ, ಗುಂಡಿ ತೋಡುವವನ ಕಡೆಯಿಂದ ಒಮ್ಮೆ, ವಾಡೆಯ ಒಳಗಿನಿಂದ ಒಮ್ಮೆ. ಸತ್ಯ ವಾಡೆಯಲ್ಲಿದೆ, ಅದನ್ನು ಬಚ್ಚಿಟ್ಟುಕೊಳ್ಳುವ ಅಧಿಕಾರವೂ ಅಲ್ಲೇ ಇದೆ. ಬಡವನಿಗೆ ಹೊಟ್ಟೆಯ ಕೂಳು ತಪ್ಪುವುದನ್ನು ನಮ್ಮ ಸಿನಿಮಾಗಳು ಬೇಕಾದಷ್ಟು ತೋರಿಸಿವೆ. ಅವನಿಗೆ ತನ್ನ ಮೇಲೆ ತನಗಿದ್ದ ನಂಬಿಕೆಯೇ ತಪ್ಪಿಹೋಗುವುದನ್ನು ತೋರಿಸಿದ್ದು ಕಡಿಮೆ. ಚಿತ್ರಕ್ಕೆ ಅತ್ಯುತ್ತಮ ಕನ್ನಡ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಬಿರಾದಾರರಿಗೆ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ನಡೆದ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಗೌರವ. ಭಿಕ್ಷುಕನ ಪಾತ್ರಕ್ಕೇ ಮೀಸಲಾಗಿದ್ದ ಮುಖವನ್ನು ಹೊರದೇಶದವರು ಗುರುತಿಸಿದ ಮೇಲೆಯೂ ಗಾಂಧಿನಗರದಲ್ಲಿ ದೊಡ್ಡ ಬದಲಾವಣೆ ಆಗಲಿಲ್ಲ ಎಂಬುದು ಬೇರೆ ಮಾತು.

ಇಲ್ಲಿ ಒಂದು ಎಳೆ ಸಿಗುತ್ತದೆ. ಕನ್ನಡದ ವಾಸ್ತವವಾದಿ ಸಿನಿಮಾದ ಕಣ್ಣು ಬದಲಾಗಿದ್ದು ನಿರ್ದೇಶಕರು ಬದಲಾದ್ದರಿಂದ ಅಲ್ಲ, ಅವರು ಯಾರ ಕತೆಯನ್ನು ಎತ್ತಿಕೊಂಡರು ಎಂಬುದರಿಂದ. ಆ ಬದುಕಿನ ಒಳಗಿನವರು, ಇಲ್ಲವೇ ಅದರ ಪಕ್ಕದ ಓಣಿಯವರು ಬರೆದ ಕತೆ ಸಿಕ್ಕಾಗ ಸಿನಿಮಾ ಹೊರಗೆ ನಿಂತು ಮರುಗುವುದನ್ನು ಬಿಟ್ಟಿತು.

1994ರ ‘ಕೊಟ್ರೇಶಿ ಕನಸು’ ಇನ್ನೊಂದು ಉದಾಹರಣೆ. ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಕತೆ, ನಾಗತಿಹಳ್ಳಿ ಚಂದ್ರಶೇಖರರ ನಿರ್ದೇಶನ. ದಲಿತ ಹುಡುಗನೊಬ್ಬ ಏಳನೆಯ ತರಗತಿಯಲ್ಲಿ ಚೆನ್ನಾಗಿ ಪಾಸಾಗುತ್ತಾನೆ, ಅಷ್ಟಕ್ಕೇ ಊರಿನ ಹೊಟ್ಟೆಯಲ್ಲಿ ಕಿಚ್ಚು. ಕೊಟ್ರೇಶಿಯಾದ ವಿಜಯ್ ರಾಘವೇಂದ್ರ ಬಾಲನಟನೆಗೆ ರಾಷ್ಟ್ರಪ್ರಶಸ್ತಿ ಪಡೆದರು. ಕೊಪ್ಪಳ, ಬಳ್ಳಾರಿ ಕಡೆಯ ಎಷ್ಟೋ ಮನೆಗಳಲ್ಲಿ ಮೊದಲ ಸಲ ಶಾಲೆ ಮೆಟ್ಟಿಲು ಹತ್ತಿದವರು ಆ ಚಿತ್ರವನ್ನು ತಮ್ಮದೇ ಕತೆಯೆಂದು ನೋಡಿದರು.

ಹಾಸನದ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ 2004ರಲ್ಲಿ ‘ಹಸೀನಾ’ ಆಯಿತು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ ಹೆಂಗಸು ಜಮಾತಿನ ಮುಂದೆ ನ್ಯಾಯ ಕೇಳುತ್ತಾಳೆ. ಹಸೀನಾ ಆಗಿ ನಟಿಸಿದ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. 2025ರಲ್ಲಿ ಬಾನು ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬುಕರ್ ಬಂದಾಗ ಅನೇಕರು ಅವರ ಹೆಸರನ್ನು ಹೊಸದಾಗಿ ಕೇಳಿದರು. ಕನ್ನಡ ಸಿನಿಮಾ ಅವರ ಬಾಗಿಲಿಗೆ ಎರಡು ದಶಕ ಮೊದಲೇ ಹೋಗಿತ್ತು. 2008ರಲ್ಲಿ ವೈದೇಹಿಯವರ ಕತೆಯಿಂದ ‘ಗುಲಾಬಿ ಟಾಕೀಸ್’ ಬಂತು. ಸಿನಿಮಾ ಹುಚ್ಚಿನ ಮುಸ್ಲಿಂ ಸೂಲಗಿತ್ತಿ ಗುಲಾಬಿಯ ಮನೆಗೆ ಟಿವಿ ಬರುತ್ತದೆ, ಕೇರಿಯ ಹೆಂಗಸರೆಲ್ಲ ಅಲ್ಲಿ ಸೇರುತ್ತಾರೆ. ಕಡಲಲ್ಲಿ ಮೀನಿನ ವ್ಯಾಪಾರದ ಪೈಪೋಟಿ ಬೆಳೆದಂತೆ ದಡದಲ್ಲಿ ಧರ್ಮದ ಗೆರೆ ಎದ್ದು ಕಾಣುತ್ತದೆ. ಗುಲಾಬಿಯಾದದ್ದು ಉಮಾಶ್ರೀ, ಜನಪ್ರಿಯ ಸಿನಿಮಾ ಅವರನ್ನೂ ವರ್ಷಗಟ್ಟಲೆ ನಗಿಸಲಿಕ್ಕೇ ಬಳಸಿಕೊಂಡಿತ್ತು.

ಇದೇ ಪ್ರಶ್ನೆಯನ್ನು ಹೊರಗಿನ ಸಿನಿಮಾಕ್ಕೂ ಕೇಳಬಹುದು, ದಕ್ಷಿಣ ಕೊರಿಯಾವನ್ನೇ ತೆಗೆದುಕೊಳ್ಳಿ. ಬಾಂಗ್ ಜೂನ್-ಹೋ ಅವರ ‘ಪ್ಯಾರಸೈಟ್’ 2019ರಲ್ಲಿ ಕಾನ್ ಉತ್ಸವದ ಪರಮ ಪ್ರಶಸ್ತಿಯನ್ನೂ ಮರುವರ್ಷ ಆಸ್ಕರನ್ನೂ ಗೆದ್ದ ಮೇಲೆ ಅಲ್ಲಿನ ಸಿನಿಮಾ ನಮ್ಮ ಹುಡುಗರ ಮೊಬೈಲಿಗೆ ಬಂದಿದೆ. ಸೋಲ್ ನಗರದ ಅರ್ಧ ನೆಲದೊಳಗಿನ ಮನೆ, ಕಿಟಕಿಯಿಂದ ಕಾಣುವುದು ಬೀದಿಯಲ್ಲಿ ನಡೆಯುವವರ ಕಾಲು. ಅದನ್ನು ನೋಡಿ ಮೆಚ್ಚದವರಿಲ್ಲ. ಅಲ್ಲಿಯೂ ದಾರಿ ಸುಲಭವಿರಲಿಲ್ಲ. 1970ರಲ್ಲಿ ಬಟ್ಟೆ ಕಾರ್ಖಾನೆಯ ಕಾರ್ಮಿಕ ಜಿಯಾನ್ ತೇ-ಇಲ್, ಕಾರ್ಮಿಕ ಕಾನೂನು ಪಾಲಿಸಿ ಎಂದು ಕೂಗುತ್ತ ತನಗೆ ತಾನೇ ಬೆಂಕಿ ಹಚ್ಚಿಕೊಂಡ. ಅವನ ಬದುಕು ಸಿನಿಮಾ ಆಗಲು 1995 ಬರಬೇಕಾಯಿತು, ಸರ್ವಾಧಿಕಾರ ಕಳಚಿದ ಮೇಲೆ. 2011ರಲ್ಲಿ ಕಿವುಡ ಮಕ್ಕಳ ಶಾಲೆಯ ಲೈಂಗಿಕ ದೌರ್ಜನ್ಯದ ಮೇಲೆ ಬಂದ ‘ಸೈಲೆನ್ಸ್ಡ್’ ಎಂಥ ಸಿಟ್ಟೆಬ್ಬಿಸಿತೆಂದರೆ, ಅದೇ ವರ್ಷ ಅಲ್ಲಿನ ಸಂಸತ್ತು ಕಾನೂನನ್ನೇ ಬಿಗಿ ಮಾಡಿತು. ಸಿನಿಮಾ ನೋಡಿ ಕಣ್ಣೊರೆಸಿಕೊಂಡು ಮನೆಗೆ ಹೋಗುವುದಕ್ಕಿಂತ ಇದು ದೊಡ್ಡದು.

ಯಾರ ಪಾತ್ರವನ್ನು ಯಾರು ಆಡಬೇಕು ಎಂಬ ತಕರಾರು ಎರಡೂ ಕಡೆ ಇದೆ. ಕೊರಿಯಾದ ಲೀ ಚಾಂಗ್-ಡಾಂಗ್ ಅವರ ‘ಓಯಸಿಸ್’ನಲ್ಲಿ ಮಿದುಳಿನ ಪಾರ್ಶ್ವವಾಯು ಇರುವ ಯುವತಿಯಾಗಿ ನಟಿಸಿದವರು ಅಂಗವೈಕಲ್ಯವಿಲ್ಲದ ಮೂನ್ ಸೋ-ರಿ. ವೆನಿಸ್‌ನಲ್ಲಿ ಅವರಿಗೆ ಪ್ರಶಸ್ತಿಯೂ ಬಂತು. ಕನ್ನಡದಲ್ಲಿ ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ ಅವಳು’ ಚಿತ್ರ, ಲಿವಿಂಗ್ ಸ್ಮೈಲ್ ವಿದ್ಯಾ ಎಂಬ ಲಿಂಗತ್ವ ಅಲ್ಪಸಂಖ್ಯಾತ ಲೇಖಕಿಯ ಆತ್ಮಕಥೆ ಆಧರಿಸಿದ್ದು. ಮಾದೇಶ ವಿದ್ಯಾಳಾಗುವುದನ್ನು ಸಂಚಾರಿ ವಿಜಯ್ ಆಡಿದರು, ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಪಡೆದರು. ಅಭಿನಯ ಹೃದಯದಿಂದ ಬಂದದ್ದು, ಅನುಮಾನವಿಲ್ಲ. ಆದರೂ ತೆರೆಯ ಮೇಲೆ ಆ ಸಮುದಾಯದ ನಟಿಗೇ ಮುಖ್ಯ ಪಾತ್ರ ಸಿಗುವ ದಿನ ಬೇಗ ಬರಲಿ ಎಂಬ ಮಾತಿನಲ್ಲೂ ತಪ್ಪಿಲ್ಲ.

ಕೊಪ್ಪಳದವರಿಗಂತೂ ಇದು ದೂರದ ವಿಷಯವಲ್ಲ. ತುಂಗಭದ್ರೆಯ ದಡದ ಹುಲಿಗಿ ಇದೇ ಜಿಲ್ಲೆಯಲ್ಲಿದೆ. ಹುಲಿಗೆಮ್ಮನ ಸನ್ನಿಧಿಯಲ್ಲೇ ಲಿಂಗತ್ವ ಅಲ್ಪಸಂಖ್ಯಾತ ಕಲಾವಿದೆ ಮಂಜಮ್ಮ ಜೋಗತಿ ಮುತ್ತು ಕಟ್ಟಿಸಿಕೊಂಡದ್ದು. ಭಿಕ್ಷೆ ಎತ್ತಿ, ಜೋಗತಿ ನೃತ್ಯ ಕಲಿತು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, ಪದ್ಮಶ್ರೀ ಪಡೆದರು. ಅವರ ಬದುಕಿನ ಕಥನ ‘ನಡುವೆ ಸುಳಿವ ಹೆಣ್ಣು’ ಪುಸ್ತಕವಾಗಿ ಜನರ ಕೈಯಲ್ಲಿದೆ. ಇದೇ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ತೊಗಲುಗೊಂಬೆ ಆಡಿಸುತ್ತಲೇ ಮುಪ್ಪಾದವರು, 2025ರಲ್ಲಿ ಪದ್ಮಶ್ರೀಗೆ ಆಯ್ಕೆಯಾದರು. ಬಿಳಿ ಪರದೆ ಕಟ್ಟಿ, ಹಿಂದೆ ದೀಪ ಇಟ್ಟು, ರಾತ್ರಿಯಿಡೀ ಊರಿಗೆ ಕತೆ ತೋರಿಸಿದ ಸಮುದಾಯ ಅದು. ಟಾಕೀಸು ಬರುವ ಮೊದಲು ಹಳ್ಳಿಗೆ ತೆರೆ ಎಂದರೆ ಇವರದೇ. ಅಲ್ಲಿ ರಾಮ, ರಾವಣ, ಕೌರವರು ಬಂದರು. ಪರದೆ ಹಿಂದೆ ಕೂತವರ ಬದುಕು ಆ ಪರದೆಗೂ ಬರಲಿಲ್ಲ, ಸಿನಿಮಾದ ತೆರೆಗೆ ಬಂದದ್ದೂ ಇಲ್ಲವೆನ್ನುವಷ್ಟು ಕಡಿಮೆ.

ದೇವದಾಸಿಯರ ವಿಷಯವೂ ಹಾಗೆಯೇ. ಪುಟ್ಟಣ್ಣ ಕಣಗಾಲರ ‘ಗೆಜ್ಜೆಪೂಜೆ’ಯಿಂದ ಹಿಡಿದು ಕನ್ನಡ ಸಿನಿಮಾ ಈ ವಸ್ತುವನ್ನು ಮುಟ್ಟಿದೆ. ಆದರೆ ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ಬಂದ ಆ ಚಿತ್ರದ ಮನೆ, ಹಾಡು, ವೀಣೆಯ ಲೋಕವೇ ಬೇರೆ. ಕೇರಿಯ ಮಗುವಿಗೆ ದೇವರ ಹೆಸರಲ್ಲಿ ಮುತ್ತು ಕಟ್ಟಿ ಊರಿಗೆ ಬಿಡುವ ಈ ಸೀಮೆಯ ಪದ್ಧತಿಯೇ ಬೇರೆ. 1982ರಲ್ಲಿ ರಾಜ್ಯ ಇದನ್ನು ಕಾನೂನಿನಿಂದ ನಿಷೇಧಿಸಿತು. ಶಾಲೆಯಲ್ಲಿ ತಂದೆಯ ಹೆಸರು ಕೇಳಿದಾಗ ತಲೆ ತಗ್ಗಿಸಿ ಬೆಳೆದ ಮಕ್ಕಳು ಈಗ ನಡುವಯಸ್ಸಿನವರು. ಅವರ ಕಣ್ಣಿನಿಂದ ನೋಡಿದ ದೊಡ್ಡ ಚಿತ್ರ ಇನ್ನೂ ಬರಬೇಕಿದೆ.

ಬಂದಿರುವ ಒಂದು ಚಿತ್ರವನ್ನು ಹೇಳಲೇಬೇಕು, ಅದು ಗುಳೆ ಹೋದವರದು. ಗಂಗಾವತಿಗೆ ಕಾಲುವೆ ನೀರಿದೆ, ಭತ್ತದ ಕಣಜ ಎಂಬ ಹೆಸರಿದೆ. ಪಕ್ಕದ ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹೊಲಗಳಿಗೆ ಆ ಭಾಗ್ಯವಿಲ್ಲ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ, ಮುದುಕರ ಕೈಗೆ ಮಕ್ಕಳು, ಗಂಡ ಹೆಂಡತಿ ಬೆಂಗಳೂರಿಗೋ ಮಂಗಳೂರಿಗೋ ಗೋವಾಕ್ಕೋ ಗುಳೆ. ರಾಯಚೂರು ಸೀಮೆಯ ಉತ್ಸವ್ ಗೋನವಾರ ತಮ್ಮ ಮೊದಲ ಚಿತ್ರ ‘ಫೋಟೋ’ಕ್ಕೆ ಎತ್ತಿಕೊಂಡದ್ದು ಈ ಗುಳೆಯನ್ನೇ. ಹಳ್ಳಿಯ ಹುಡುಗ ದುರ್ಗ್ಯಾನಿಗೆ ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ. ಅಪ್ಪ ಬೆಂಗಳೂರಿನಲ್ಲಿ ಕಟ್ಟಡದ ಕೂಲಿ. ಹುಡುಗ ಅಲ್ಲಿಗೆ ಹೋದ ಹೊತ್ತಿಗೆ 2020ರ ಮಾರ್ಚ್‌ನ ಲಾಕ್‌ಡೌನ್ ಬೀಳುತ್ತದೆ. ಬಸ್ಸಿಲ್ಲ, ಕೆಲಸವಿಲ್ಲ, ಊಟವಿಲ್ಲ. ಅಪ್ಪ ಮಗ ನಡೆಯತೊಡಗುತ್ತಾರೆ.

ಆ ಚಿತ್ರದಲ್ಲಿ ಭಾಷಣವಿಲ್ಲ. ಸರ್ಕಾರವನ್ನು ಬೈಯುವ ಪಾತ್ರವೂ ಇಲ್ಲ. ಹೆದ್ದಾರಿ ಇದೆ, ಬಿಸಿಲಿದೆ, ರಾಯಚೂರು ಮಾತಿದೆ. ಆ ಮಾತಿಗೆ ಯಾರೂ ನಗುವುದಿಲ್ಲ. ಮಹಾದೇವ ಹಡಪದ ಅವರ ಅಪ್ಪ ಸಿಟ್ಟು ಮಾಡಿಕೊಳ್ಳಲೂ ಶಕ್ತಿಯಿಲ್ಲದವನಂತೆ ಹೆಜ್ಜೆ ಹಾಕುತ್ತಾನೆ. ಮಗನ ಆಸೆಗೂ ತಾನು ಕಟ್ಟಿದ ಊರಿಗೂ ನಡುವೆ ಎಷ್ಟು ದೂರವಿದೆ ಎಂಬುದು ಕಾಲಿಗೆ ಗೊತ್ತಾಗುತ್ತ ಹೋಗುತ್ತದೆ. ಚಿತ್ರೋತ್ಸವಗಳಲ್ಲಿ ಮೆಚ್ಚುಗೆ ಪಡೆದ ‘ಫೋಟೋ’ವನ್ನು 2024ರ ಮಾರ್ಚ್‌ನಲ್ಲಿ ನಟ ಪ್ರಕಾಶ್ ರಾಜ್ ಮುಂದೆ ನಿಂತು ಚಿತ್ರಮಂದಿರಕ್ಕೆ ತಂದರು. ಇದಕ್ಕೂ ಹತ್ತು ವರ್ಷ ಮೊದಲು ಮಂಸೋರೆ ‘ಹರಿವು’ ತೆಗೆದಿದ್ದರು. ಮಗನ ಚಿಕಿತ್ಸೆಗೆ ಬೆಂಗಳೂರಿಗೆ ಬಂದ ಉತ್ತರ ಕರ್ನಾಟಕದ ರೈತ, ಸತ್ತ ಮಗನನ್ನು ಟ್ರಂಕಿನಲ್ಲಿಟ್ಟುಕೊಂಡು ಊರಿಗೆ ಸಾಗಿಸುವ ಕತೆ. ನಿಜ ಘಟನೆಯಿಂದ ಹುಟ್ಟಿದ್ದು. ಎರಡೂ ಚಿತ್ರಗಳಲ್ಲಿ ರಾಜಧಾನಿ ಉತ್ತರದವರನ್ನು ಬರಿಗೈಯಲ್ಲಿ ವಾಪಸು ಕಳಿಸುತ್ತದೆ. ಎರಡರ ನಡುವೆ ಒಂದು ವ್ಯತ್ಯಾಸ ಮುಖ್ಯ: ‘ಫೋಟೋ’ದ ನಿರ್ದೇಶಕ ಈ ಮಣ್ಣಿನವರೇ.

ಮಂಡ್ಯದ ಕಡೆ ‘ತಿಥಿ’ 2015ರಲ್ಲಿ ಇನ್ನೊಂದು ದಾರಿ ತೋರಿಸಿತ್ತು. ನೊದೆಕೊಪ್ಪಲಿನವರೇ ಆದ ಈರೇಗೌಡರ ಬರವಣಿಗೆ, ಬಣ್ಣ ಹಚ್ಚಿ ಗೊತ್ತಿಲ್ಲದ ಊರಿನ ಜನರೇ ನಟರು, ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಚಿನ್ನದ ಚಿರತೆ. ಪೃಥ್ವಿ ಕೊಣನೂರರ ‘ಹದಿನೇಳೆಂಟು’ ಕಾಲೇಜಿನ ವಿಡಿಯೊ ಪ್ರಕರಣವೊಂದರಲ್ಲಿ ಒಂದೇ ತಪ್ಪಿಗೆ ಹುಡುಗಿಗೂ ಹುಡುಗನಿಗೂ ಬೇರೆ ಬೇರೆ ತಕ್ಕಡಿ ಹೇಗೆ ಬರುತ್ತದೆ, ಆ ತಕ್ಕಡಿಯನ್ನು ಜಾತಿ ಎಲ್ಲಿ ಹಿಡಿದಿರುತ್ತದೆ ಎಂದು ತೋರಿಸಿತು. ಪಕ್ಕದ ಮಹಾರಾಷ್ಟ್ರದಲ್ಲಿ ನಾಗರಾಜ ಮಂಜುಳೆ, ತಮಿಳಿನಲ್ಲಿ ಪಾ. ರಂಜಿತ್, ಮಾರಿ ಸೆಲ್ವರಾಜ್ ತಮ್ಮ ಕೇರಿಯ ಕತೆಯನ್ನು ತಾವೇ ಹೇಳಿ ಥಿಯೇಟರು ತುಂಬಿಸಿದ್ದಾರೆ. ಮಂಜುಳೆಯವರ ‘ಸೈರಾಟ್’ ಕನ್ನಡಕ್ಕೆ ‘ಮನಸು ಮಲ್ಲಿಗೆ’ಯಾಗಿ ಬಂತು. ಹಂದಿ ಹಿಡಿಯುವ ಕುಟುಂಬದ ಹುಡುಗ ಕೊನೆಗೆ ಕಲ್ಲೆತ್ತಿ ನಮ್ಮ ಕಡೆಗೇ ಬೀಸುವ ‘ಫ್ಯಾಂಡ್ರಿ’ಗೆ ಇಲ್ಲಿ ಕೈ ಹಾಕುವವರು ಸಿಗಲಿಲ್ಲ. ಕನ್ನಡದ ಸಮಸ್ಯೆ ಯಾವುದೆಂದು ಕೇಳಿದರೆ ಉತ್ತರ ಇದೇ: ನಮಗೆ ಕತೆಗಾರರ ಕೊರತೆ ಇಲ್ಲ, ಆ ಕತೆಗೆ ಹಣ ಹಾಕುವ ಎದೆಗಾರಿಕೆಯ ಕೊರತೆ ಇದೆ.

ಈಗ ಕ್ಯಾಮೆರಾ ಮೊದಲಿನಷ್ಟು ದುಬಾರಿಯಲ್ಲ. ಕಿರುಚಿತ್ರ ತೆಗೆಯುವ ಹುಡುಗರು ಗಂಗಾವತಿ, ಕುಷ್ಟಗಿಯ ಕಾಲೇಜುಗಳಲ್ಲೂ ಇದ್ದಾರೆ. ಅವರು ಬೆಂಗಳೂರಿನ ರೌಡಿ ಕತೆ ನಕಲು ಮಾಡುವ ಮೊದಲು ನುಗಡೋಣಿ, ಕುಂವೀ ಅವರ ಒಂದೊಂದು ಸಂಕಲನ ಓದಲಿ, ನಾಟಿ ಮಾಡುವ ಹೆಂಗಸರ ಪಕ್ಕ ಒಂದು ದಿನ ಕೂತು ಮಾತು ಕೇಳಲಿ. ಕಾಲೇಜಿನವರು, ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕದವರು ವರ್ಷಕ್ಕೊಮ್ಮೆಯಾದರೂ ‘ಕನಸೆಂಬೋ ಕುದುರೆಯನೇರಿ’, ‘ಹಸೀನಾ’, ‘ಫೋಟೋ’ಗಳನ್ನು ಬಿಟ್ಟಿಯಾಗಿ ತೋರಿಸಲಿ, ಕೇರಿಯವರನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಲಿ. ಒಂದು ಪ್ರೊಜೆಕ್ಟರ್, ಒಂದು ಬಿಳಿ ಪರದೆ, ಹಕ್ಕುದಾರರ ಅನುಮತಿ ಇದ್ದರೆ ಇಷ್ಟು ಕೆಲಸಕ್ಕೆ ಸಾಕು.